ಪರದೇಶದಲ್ಲಿ ಒಂದು ಸಾಹಿತ್ಯವನ್ನು ಹೇಗೆ ಓದಿದರು? ಪತ್ತೆ ಮಾಡುವ ಬಗೆ

ಒಂದು ದೇಶದ ಸಾಹಿತ್ಯವನ್ನು ಇನ್ನೊಂದು ದೇಶದವರು ಹೇಗೆ ಓದಿದರು ಅಂತ ತಿಳಿಯಬೇಕಾದರೆ ವಿಮರ್ಶೆಗಳಿಂದ ಶುರು ಮಾಡಬೇಡಿ. ಮೊದಲು ಇಸವಿಗಳನ್ನು ಬರೆದುಕೊಳ್ಳಿ. ನಾನು ಯಾವಾಗಲೂ ಹಿಡಿಯುವ ಉದಾಹರಣೆ ಇಂಗ್ಲೆಂಡಿನ ಓದುಗರು ಮತ್ತು ರಷ್ಯನ್ ಸಾಹಿತ್ಯ. ಇಷ್ಟು ಚೆನ್ನಾಗಿ ಕಲಿಸುವ ಜೋಡಿ ನನಗೆ ಇನ್ನೊಂದು ಸಿಕ್ಕಿಲ್ಲ.

ಹಾಳೆಯ ಎಡಕ್ಕೆ ಪುಸ್ತಕ ಮೊದಲು ಬಂದ ವರ್ಷ, ಬಲಕ್ಕೆ ಅನುವಾದದ ವರ್ಷ. ದಾಸ್ತೊಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ ರಷ್ಯಾದಲ್ಲಿ 1880ಕ್ಕೆ ಮುಗಿಯಿತು. ಕಾನ್‌ಸ್ಟನ್ಸ್ ಗಾರ್ನೆಟ್ ಅದನ್ನು ಇಂಗ್ಲಿಷಿಗೆ ತಂದದ್ದು 1912ರಲ್ಲಿ. ಚೆಕಾಫ್ ತೀರಿಕೊಂಡದ್ದು 1904ರಲ್ಲಿ. ಅವರ ಕತೆಗಳ 13 ಸಂಪುಟಗಳನ್ನು ಅದೇ ಗಾರ್ನೆಟ್ 1916ರಿಂದ 1922ರವರೆಗೆ ತಂದರು. ರಷ್ಯಾದಲ್ಲಿ ಇವರಿಬ್ಬರ ನಡುವೆ ಒಂದು ತಲೆಮಾರಿಗಿಂತ ಜಾಸ್ತಿ ಅಂತರ. ಇಂಗ್ಲಿಷ್ ಓದುಗರಿಗೆ ಇಬ್ಬರೂ ಬೆನ್ನುಬೆನ್ನಿಗೇ ಸಿಕ್ಕರು, ಅದೂ ಒಬ್ಬರೇ ಅನುವಾದಕಿಯ ಕೈಯಿಂದ. ಇಬ್ಬರನ್ನೂ ‘ರಷ್ಯನ್ ಆತ್ಮ’ ಅಂತ ಒಂದೇ ಬುಟ್ಟಿಗೆ ಹಾಕಿದ್ದರಲ್ಲಿ ಆಶ್ಚರ್ಯ ಇಲ್ಲ, ಅಲ್ವಾ?

ಆಮೇಲೆ ಶೀರ್ಷಿಕೆಯ ಪುಟ ತೆಗೆದು, ಯಾವ ಭಾಷೆಯಿಂದ ಅನುವಾದ ಅಂತ ನೋಡಿ. ಟಾಲ್‌ಸ್ಟಾಯ್ ಬರೆದ ‘ಯುದ್ಧ ಮತ್ತು ಶಾಂತಿ’ 1886ರಲ್ಲಿ ಇಂಗ್ಲಿಷಿಗೆ ಬಂದದ್ದು ಫ್ರೆಂಚ್ ಮೂಲಕ. ಮರುವರ್ಷ ಟಾಲ್‌ಸ್ಟಾಯ್ ಬಗ್ಗೆ ಬರೆದ ಇಂಗ್ಲಿಷ್ ವಿಮರ್ಶಕ ಮ್ಯಾಥ್ಯೂ ಆರ್ನಾಲ್ಡ್ ಕೂಡ ಓದಿದ್ದು ಫ್ರೆಂಚ್ ಪ್ರತಿಯನ್ನೇ. ಪ್ಯಾರಿಸ್ ಮೆಚ್ಚಿದ ಮೇಲೆ ಲಂಡನ್ ಮೆಚ್ಚಿತು.

ದೇಶಗಳ ನಡುವಿನ ಸ್ನೇಹವೂ ಓದುಗರ ಆಸಕ್ತಿಯನ್ನು ಬದಲಿಸಬಹುದು, ಹಾಗಾಗಿ ರಾಜಕೀಯವನ್ನೂ ಪಕ್ಕದಲ್ಲಿ ಗುರುತು ಹಾಕಿ: 1907ರಲ್ಲಿ ಬ್ರಿಟನ್–ರಷ್ಯಾ ಒಪ್ಪಂದ, 1914ರಲ್ಲಿ ಮೊದಲ ಮಹಾಯುದ್ಧದಲ್ಲಿ ಇಬ್ಬರೂ ಒಂದೇ ಕಡೆ.

ವಿಮರ್ಶೆಗಳ ಸರದಿ ಈಗ. ಹಳೆಯ ಪತ್ರಿಕೆಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಹೊಗಳಿದ್ದಾರಾ, ತೆಗಳಿದ್ದಾರಾ ಅಂತ ಸುಮ್ನೆ ಲೆಕ್ಕ ಹಾಕಬೇಡಿ. ಯಾವ ಮಾತು ಮತ್ತೆ ಮತ್ತೆ ಬರುತ್ತದೋ ಅದರ ಕೆಳಗೆ ಗೆರೆ ಎಳೆಯಿರಿ. ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ 1925ರ ಪ್ರಬಂಧದಲ್ಲಿ ರಷ್ಯನ್ ಕತೆಗಳ ಮುಖ್ಯ ಪಾತ್ರ ಆತ್ಮವೇ ಅಂದರು. ಭಾಷೆಯೇ ಬಾರದೆ, ಅನುವಾದಕರನ್ನು ನಂಬಿಕೊಂಡು ಇಡೀ ಸಾಹಿತ್ಯವನ್ನು ಅಳೆದಿದ್ದೇವೆ ಅಂತಲೂ ಅಲ್ಲೇ ಬರೆದರು. ಓದುಗರು ತಮ್ಮ ಓದನ್ನೇ ಹೀಗೆ ಪರೀಕ್ಷೆ ಮಾಡಿಕೊಂಡ ಸಾಲು ಸಿಕ್ಕರೆ ದಯವಿಟ್ಟು ಬಿಡಬೇಡಿ. ಅದು ನೂರು ಹೊಗಳಿಕೆಗಿಂತ ಬೆಲೆಬಾಳುತ್ತದೆ.

ಗಡಿ ದಾಟಿಯೂ ನೆಲೆ ನಿಲ್ಲದವರನ್ನು ಕೊನೆಗೆ ಹುಡುಕಿ. ರಷ್ಯನ್ನರಿಗೆ ಕವಿ ಪುಷ್ಕಿನ್ ಎಲ್ಲರಿಗಿಂತ ದೊಡ್ಡವನು. ಅವನ ‘ಯೆವ್ಗೆನಿ ಒನೇಗಿನ್’ 1881ರಲ್ಲೇ ಇಂಗ್ಲಿಷಿಗೆ ಬಂದಿತ್ತು, ‘ಯುದ್ಧ ಮತ್ತು ಶಾಂತಿ’ಗಿಂತ ಮೊದಲೇ. ಆದರೂ ಇಂಗ್ಲಿಷ್ ಓದುಗರಲ್ಲಿ ಟಾಲ್‌ಸ್ಟಾಯ್‌ಗೆ ಸಿಕ್ಕ ಜಾಗ ಅವನಿಗೆ ಸಿಗಲಿಲ್ಲ. ಅದು ಪದ್ಯದಲ್ಲಿರುವ ಕಾದಂಬರಿ, ಪದ್ಯದ ಸೊಗಸು ಅನುವಾದದಲ್ಲಿ ಉಳಿಯುವುದು ಕಷ್ಟ. ಇಸವಿಗಳು ಉತ್ತರ ಕೊಡದ ಕಡೆ ಪದ್ಯವೋ ಗದ್ಯವೋ ಅಂತ ನೋಡಿ.