ಹಳೇ ಲೀಫ್‌ಗೆ ಸಬ್‌ಫ್ರೇಮ್ ಹುಡುಕಿದ ಕಥೆ

ನಾನಿರುವುದು ಸಿಯಾಟಲ್‌ನಲ್ಲಿ. ನನ್ನ 2012ರ ನಿಸ್ಸಾನ್ ಲೀಫ್ ಎಲೆಕ್ಟ್ರಿಕ್ ಕಾರು ಫುಟ್‌ಪಾತ್ ಕಲ್ಲಿಗೆ ಬಡಿದು ಮುಂಭಾಗದ ಸಬ್‌ಫ್ರೇಮ್, ಅಂದರೆ ಬಾಡಿಯ ಅಡಿಗೆ ಬೋಲ್ಟ್ ಹಾಕಿ ಕೂರಿಸುವ ಲೋಹದ ಚೌಕಟ್ಟು, ಬಾಗಿತು. ಗುಜರಿಯವನೊಬ್ಬ 2014ರದ್ದು ತೋರಿಸಿ, ಬಾಡಿ ಒಂದೇ, ಸುಮ್ನೆ ತಗೊಳ್ಳಿ ಅಂದ.

ಬಾಡಿ ಒಂದೇ, ನಿಜ. ಆದರೆ 2013ರ ಮಾಡೆಲ್‌ನಿಂದ ಮೋಟಾರ್ ಬದಲಾಗಿದೆ, ಕಾರಿನ ಹಿಂಭಾಗದಲ್ಲಿದ್ದ ಚಾರ್ಜರ್ ಬಾನೆಟ್ ಕೆಳಗೆ ಬಂದಿದೆ. ಮುಂಭಾಗದ ಲೆಕ್ಕವೇ ಬೇರೆ ಅಲ್ವಾ? ಪಾರ್ಟ್ ನಂಬರ್ ನೋಡಿದೆ, ಹೊಂದಲಿಲ್ಲ.

ಆಮೇಲೆ ವಿಐಎನ್ (ಪ್ರತಿ ಕಾರಿಗೂ ಇರುವ ಗುರುತಿನ ಸಂಖ್ಯೆ) ಹಿಡಿದು ಹುಡುಕಿದೆ. ಅದರ ಹತ್ತನೇ ಅಕ್ಷರ ಮಾಡೆಲ್ ವರ್ಷ ಹೇಳುತ್ತದೆ: ‘ಬಿ’ ಅಂದರೆ 2011, ‘ಸಿ’ ಅಂದರೆ 2012. ‘ಸಿ’ ಕಾರಿನದ್ದೇ ಸಿಕ್ಕಿತು. ದುಡ್ಡು ಕೊಡುವ ಮುಂಚೆ ಬೋಲ್ಟ್ ತೂತುಗಳನ್ನು ಮೂಲೆಯಿಂದ ಮೂಲೆಗೆ ಟೇಪಿನಲ್ಲಿ ಅಳೆದೆ. ಎರಡೂ ಕಡೆ ಸಮ. ಬೆಸುಗೆ ಗುರುತೂ ಇರಲಿಲ್ಲ.

ಹಾಕಿಸಿ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಈಗ ಸ್ಟೇರಿಂಗ್ ಒಂದು ಕಡೆಗೆ ಎಳೆಯುವುದಿಲ್ಲ.