ಬಣ್ಣ ಸರಿಯಿದ್ದರೂ ಐಕಾನ್ ಕಾಣುತ್ತಿರಲಿಲ್ಲ

ದಾವಣಗೆರೆ ಮಂಡಿಪೇಟೆಯ ಬಟ್ಟೆ ಅಂಗಡಿಯೊಂದರ ವೆಬ್‌ಸೈಟ್ ರಿಪೇರಿಗೆ ನನ್ನ ಹತ್ತಿರ ಬಂತು. ಕಟ್ಟಿದವರು ಬೇರೆ ಯಾರೋ. "ಕಾರ್ಟ್ ಎಲ್ಲೈತಪ್ಪಾ, ನಂಗಂತೂ ಕಾಣವಲ್ದು" ಅಂತ ಯಜಮಾನರು ಮೊಬೈಲನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಕಾರ್ಟ್, ಹುಡುಕುವ ಭೂತಗನ್ನಡಿ ಎರಡೂ ಬಿಳಿ ಹಿನ್ನೆಲೆಯಲ್ಲಿ ಕರಗಿಹೋಗಿದ್ದವು.

ವೆಬ್‌ಪುಟ ಪರೀಕ್ಷಿಸುವ ಗೂಗಲ್‌ನ ಲೈಟ್‌ಹೌಸ್ ಓಡಿಸಿದರೆ ಎಲ್ಲ ಹಸಿರು, ಅಂದರೆ ಪಾಸು! ಅದು ಅಳೆಯುವುದು ಅಕ್ಷರಗಳ ಕಾಂಟ್ರಾಸ್ಟ್, ಅಂದರೆ ಹಿನ್ನೆಲೆಗೂ ಅಕ್ಷರಕ್ಕೂ ಇರುವ ಬೆಳಕಿನ ಅಂತರ ಮಾತ್ರ. ಐಕಾನ್‌ಗಳದ್ದನ್ನು ನಾವೇ ನೋಡಬೇಕು. ವೆಬ್‌ಸೈಟ್ ಎಲ್ಲರಿಗೂ ಬಳಸಲು ಬರಬೇಕೆಂಬ ನಿಯಮಾವಳಿ, 2018ರ ಡಬ್ಲ್ಯೂಸಿಎಜಿ 2.1 ಪ್ರಕಾರ ಅರ್ಥ ಕೊಡುವ ಐಕಾನ್‌ಗೆ ಕನಿಷ್ಠ 3:1 ಕಾಂಟ್ರಾಸ್ಟ್ ಇರಬೇಕು. ಕೋಡ್‌ನಲ್ಲಿದ್ದ ಬಣ್ಣ #767676 ಎಂಬ ಬೂದು. ಬಿಳಿಯ ಮೇಲೆ ಅದು 4.54:1, ಅಂದರೆ ಧಾರಾಳವಾಗಿ ಪಾಸು.

ಕಿತಾಪತಿ ಇದ್ದದ್ದು ಐಕಾನ್ ಸುತ್ತುವರಿದ ಹೊರಗಿನ ಡಿವ್‌ನಲ್ಲಿ (ಕೋಡ್‌ನ ಒಂದು ಚೌಕಟ್ಟು): ಓಪಾಸಿಟಿ 0.6, ಅಂದರೆ ಬಣ್ಣ ಶೇ 60ರಷ್ಟೇ ಗಟ್ಟಿ, ಉಳಿದದ್ದು ಪಾರದರ್ಶಕ. ಹಿಂದಿನ ಬಿಳಿ ಬೆರೆತು ಪರದೆಗೆ ಬರುತ್ತಿದ್ದ ಬಣ್ಣ ಆರ್‌ಜಿಬಿ (ಕೆಂಪು, ಹಸಿರು, ನೀಲಿ) 173, 173, 173, ಅಂದರೆ ತಿಳಿಬೂದು. ಕಾಂಟ್ರಾಸ್ಟ್ ಸುಮಾರು 2.2:1ಕ್ಕೆ ಕುಸಿದಿತ್ತು. ಹಾಗಾಗಿ ಪುಟದ ಅಂದಚೆಂದ ಬರೆಯುವ ಸಿಎಸ್‌ಎಸ್‌ ಕೋಡ್‌ನಲ್ಲಿ ಬರೆದ ಬಣ್ಣವನ್ನು ನಂಬಬೇಡಿ. ಸ್ಕ್ರೀನ್‌ಶಾಟ್ ತೆಗೆದು, ಪರದೆಯ ಮೇಲಿನ ಬಣ್ಣ ಓದುವ ಕಲರ್ ಪಿಕರ್‌ನಿಂದ ಅಳೆಯಿರಿ.

ಓಪಾಸಿಟಿ ಕಿತ್ತುಹಾಕಿ ಇನ್ನೂ ಕಡುಬೂದು #595959 ಕೊಟ್ಟೆ, 7:1 ಬಂತು. ಕೂದಲೆಳೆಯಂತಿದ್ದ 1 ಪಿಕ್ಸೆಲ್ ಗೆರೆಯನ್ನೂ 2 ಮಾಡಿದೆ. ತೀರಾ ಸಣ್ಣ ಗೆರೆಯ ಅಂಚನ್ನು ಬ್ರೌಸರ್ ನುಣುಪು ಮಾಡುವಾಗ ಬಣ್ಣ ಇನ್ನಷ್ಟು ತೆಳುವಾಗುತ್ತದೆ.

ಸೀರೆ ಫೋಟೋಗಳ ಮೇಲಿನ ಬಿಳಿ ಹೃದಯದ ಗುರುತಿಗೆ ಮಾತ್ರ ಯಾವ ಬಣ್ಣವೂ ಒಗ್ಗಲಿಲ್ಲ. ಒಂದು ಸೀರೆ ಕಡುನೀಲಿಯಾದರೆ ಇನ್ನೊಂದು ಕೆನೆ ಬಣ್ಣ. ಕೊನೆಗೆ ಹಿಂದೆ ಕಪ್ಪು ವೃತ್ತವಿಟ್ಟೆ. ಲೋಗೋ ಮುಟ್ಟಲಿಲ್ಲ, ನಿಯಮದಲ್ಲೇ ಅದಕ್ಕೆ ವಿನಾಯಿತಿ ಇದೆ. ಮೇಲಾಗಿ ಆ ತಿಳಿಹಳದಿ ಯಜಮಾನರಿಗೆ ಬಲು ಇಷ್ಟ.