ಐರಿಷ್ ಚಿತ್ರೋತ್ಸವ: ಮಾರ್ಚ್ ಬಿಟ್ಟೆವು, ಹಾಲ್ ತುಂಬಿತು

ಬಾಸ್ಟನ್‌ನಲ್ಲಿ ಐರಿಷ್ ಚಿತ್ರೋತ್ಸವ ಅಂದರೆ ಮಾರ್ಚ್ 17ರ ಆಸುಪಾಸಿನಲ್ಲೇ ಮಾಡಬೇಕು ಅಂತ ನಮ್ಮ ಸಮಿತಿಯಲ್ಲಿ ಎಲ್ಲರೂ ನಂಬಿದ್ದರು. ಸೇಂಟ್ ಪ್ಯಾಟ್ರಿಕ್ ದಿನ, ಊರೆಲ್ಲ ಹಸಿರು, ಜನ ತಾವಾಗೇ ಬರುತ್ತಾರೆ ಅನ್ನೋ ಲೆಕ್ಕ. ಬರಲಿಲ್ಲ. ಸೌತ್ ಬಾಸ್ಟನ್ನಿನ ಮೆರವಣಿಗೆ ಭಾನುವಾರ ನಡೆಯುತ್ತದೆ. ಅದನ್ನು ನೋಡಿ ಬಿಯರ್ ಕುಡಿದವರು ಕತ್ತಲೆಯಲ್ಲಿ ಬಂದು ಕೂರುತ್ತಾರಾ? ನಮ್ಮ ಏರಿಯಾದ ಥಿಯೇಟರ್‌ನಲ್ಲಿ ಇನ್ನೂರು ಚಿಲ್ಲರೆ ಸೀಟು. ‘ದಿ ಕ್ವಯಟ್ ಮ್ಯಾನ್’ಗೆ ಮೂವತ್ತೂ ತುಂಬಲಿಲ್ಲ. 1952ರ ಚಿತ್ರ, ಜಾನ್ ಫೋರ್ಡ್‌ಗೆ ಆಸ್ಕರ್ ತಂದುಕೊಟ್ಟಿದ್ದು, ಎಲ್ಲಾ ಸರಿ. ಆದರೆ ಮನೆಯ ಟಿವಿಯಲ್ಲಿ ಎಷ್ಟೋ ಸಲ ನೋಡಿದ್ದನ್ನು ಯಾರು ದುಡ್ಡು ಕೊಟ್ಟು ನೋಡುತ್ತಾರೆ? ಆ ವರ್ಷ ಕೈಯಿಂದ ಹೋಗಿದ್ದು ಹತ್ತಿರಹತ್ತಿರ 2,000 ಡಾಲರ್.

ನವೆಂಬರ್‌ಗೆ ಹೋಗೋಣ, ಶನಿವಾರ ಸಂಜೆ ಏಳರ ಆಟಕ್ಕೆ ಐರಿಷ್ ಭಾಷೆಯ ಚಿತ್ರವನ್ನೇ ಹಾಕೋಣ ಅಂದೆ. ಸಬ್‌ಟೈಟಲ್ ಓದೋಕೆ ಯಾರಪ್ಪಾ ಬರುತ್ತಾರೆ ಅಂತ ನಕ್ಕರು. ಹಾಸನದವನಿಗೆ ಐರ್ಲೆಂಡ್ ಬಗ್ಗೆ ಏನು ಗೊತ್ತು ಅಂತ ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಅಷ್ಟೇ. ನನಗೆ ಗೊತ್ತಿದ್ದಿದ್ದು ಒಂದು: ನಮ್ಮೂರಲ್ಲೂ ಎಷ್ಟೋ ಒಳ್ಳೇ ಕನ್ನಡ ಚಿತ್ರಗಳನ್ನು ಬೆಳಗಿನ ಆಟಕ್ಕೆ ತಳ್ಳಿ, ಆಮೇಲೆ ಜನ ಬರಲಿಲ್ಲ ಅಂತ ಎತ್ತಿಬಿಡುತ್ತಾರೆ.

‘ಅನ್ ಕಲೀನ್ ಕ್ಯೂನ್’ ಹಾಕಿದೆವು. ಆಸ್ಕರ್‌ನ ಅಂತರರಾಷ್ಟ್ರೀಯ ಚಿತ್ರ ವಿಭಾಗಕ್ಕೆ ನಾಮನಿರ್ದೇಶನ ಪಡೆದ ಮೊದಲ ಐರಿಷ್ ಭಾಷೆಯ ಚಿತ್ರ ಅದು, 2023ರಲ್ಲಿ. ಹಿಂದಿನ ಎರಡು ಸಾಲು ಬಿಟ್ಟರೆ ಹಾಲ್ ಫುಲ್. ಅರ್ಧದಷ್ಟು ಜನ ಐರಿಷ್ ಮೂಲದವರೇ ಅಲ್ಲ. ಆಮೇಲೆ ಬೆಲ್‌ಫಾಸ್ಟ್‌ನ ರ‍್ಯಾಪ್ ಹುಡುಗರ ‘ನೀಕ್ಯಾಪ್’ ಹಾಕಿದಾಗ ಕಾಲೇಜಿನವರು ಮುಗಿಬಿದ್ದರು. ನಕ್ಕವರೇ ಬಾಗಿಲಲ್ಲಿ ನಿಂತು ಟಿಕೆಟ್ ಹರಿದರು.

ಕೆಡಿಎಂ ಗೋಳು ಬೇರೆ. ಡಿಜಿಟಲ್ ಚಿತ್ರ ಓಡಬೇಕಾದರೆ ಹಂಚಿಕೆದಾರರು ಆಯಾ ಥಿಯೇಟರ್ ಸರ್ವರ್‌ಗೆಂದೇ, ಇಂತಿಷ್ಟು ದಿನಕ್ಕೆಂದು ಕಳಿಸೋ ಕೀ ಅದು. ಒಂದು ಸಲ ಹೀಗಾಯಿತು. ಥಿಯೇಟರ್‌ನವರು ಸರ್ವರ್ ಬದಲಿಸಿದ್ದರು, ಹಂಚಿಕೆದಾರರು ಹಳೇ ಸರ್ವರ್‌ಗೆ ಕೀ ಕಳಿಸಿದ್ದರು. ಗೊತ್ತಾಗಿದ್ದು ಶುಕ್ರವಾರ ಮಧ್ಯಾಹ್ನ. ನಮಗೆ ಹನ್ನೆರಡು ಅಂದರೆ ಡಬ್ಲಿನ್‌ನಲ್ಲಿ ಐದು, ಆಫೀಸ್ ಖಾಲಿ. ಆ ಆಟದ ದುಡ್ಡು ಪೂರ್ತಿ ವಾಪಸ್ ಕೊಟ್ಟೆವು. ಈಗ ಗುರುವಾರದಿಂದ ಸೋಮವಾರದವರೆಗೆ ಕೀ ಕೇಳುತ್ತೇನೆ. ಗುರುವಾರ ರಾತ್ರಿ ಕೊನೇ ಆಟ ಬಿಟ್ಟ ಮೇಲೆ ಹತ್ತು ನಿಮಿಷ ಓಡಿಸಿ, ಸಬ್‌ಟೈಟಲ್ ಕೊನೇ ಸಾಲಿನಿಂದ ಕಾಣುತ್ತಾ ಅಂತ ನೋಡಿಯೇ ಮನೆಗೆ ಹೋಗೋದು.

ದುಡ್ಡಿನ ವಿಷಯ. ಒಂದು ಚಿತ್ರ ತೋರಿಸೋಕೆ ಹಂಚಿಕೆದಾರರಿಗೆ 300 ಡಾಲರ್ ಆಸುಪಾಸು, ಕೆಲವರು ಟಿಕೆಟ್‌ನಲ್ಲಿ ಪಾಲು ಕೇಳುತ್ತಾರೆ. ಹಾಲ್ ಬಾಡಿಗೆ ಸಂಜೆಗೆ 900 ಇದ್ದ ನೆನಪು. ಅದನ್ನು 600ಕ್ಕೆ ಇಳಿಸಿದ್ದು ಇಂಟರ್ವಲ್! ಅಮೆರಿಕದಲ್ಲಿ ಸಿನಿಮಾಕ್ಕೆ ಇಂಟರ್ವಲ್ ಇಲ್ಲ. 2006ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಾಮ್ ಡೋರ್ ಗೆದ್ದ ‘ದಿ ವಿಂಡ್ ದಟ್ ಶೇಕ್ಸ್ ದಿ ಬಾರ್ಲಿ’ ಎರಡು ಗಂಟೆಗಿಂತ ಜಾಸ್ತಿ. ಹಂಚಿಕೆದಾರರ ಒಪ್ಪಿಗೆ ಪಡೆದು ಮಧ್ಯೆ ಹದಿನೈದು ನಿಮಿಷ ನಿಲ್ಲಿಸಿದೆ. ಟೀ, ಸೋಡಾ ಬ್ರೆಡ್, ಬೆಣ್ಣೆ. ಇಬ್ಬರು ಗೊಣಗಿದರು, ಉಳಿದವರು ಕ್ಯೂ ನಿಂತರು. ಕೌಂಟರ್ ವ್ಯಾಪಾರ ಹೆಚ್ಚುಕಡಿಮೆ ಡಬಲ್. ಕೌಂಟರ್ ಲಾಭ ಪೂರ್ತಿ ನಿಮಗೆ, ಬಾಡಿಗೆ ಇಳಿಸಿ ಅಂತ ಥಿಯೇಟರ್‌ನವರಿಗೆ ಅಂದೆ, ಇಳಿಸಿದರು. ಚಿತ್ರ ಎಲ್ಲಿ ನಿಲ್ಲಿಸಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

‘ಮ್ಯಾನ್ ಆಫ್ ಅರಾನ್’ ಕೂಡ ಹಾಕಿ ನೋಡಿದೆ. ಐರ್ಲೆಂಡ್‌ನ ಅರಾನ್ ದ್ವೀಪಗಳ ಜನರ ಬಗ್ಗೆ, 1934ರದ್ದು. ಅದರ ಶಾರ್ಕ್ ಬೇಟೆ ಸುಮ್ನೆ ಕ್ಯಾಮೆರಾಗಾಗಿ ಮಾಡಿಸಿದ್ದು. ದ್ವೀಪದವರು ಆ ಬೇಟೆ ಬಿಟ್ಟು ಎಷ್ಟೋ ಕಾಲವಾಗಿತ್ತು, ಮತ್ತೆ ಕಲಿಸಬೇಕಾಯಿತು. ಇದನ್ನು ಹೇಳಿದ್ದೇ ತಡ, ಇದು ಸಾಕ್ಷ್ಯಚಿತ್ರ ಹೌದೋ ಅಲ್ಲವೋ ಅಂತ ಜಗಳ ಶುರುವಾಯಿತು. ಹಾಲ್ ಬಿಡೋದು ತಡವಾಗಿ 75 ಡಾಲರ್ ಹೆಚ್ಚಿಗೆ ಬಿತ್ತು. ಕೊಟ್ಟಿದ್ದಕ್ಕೆ ಬೇಜಾರಿಲ್ಲ.

ಭಾನುವಾರ ಬೆಳಗ್ಗೆ ಮಕ್ಕಳಿಗೆ ಕಿಲ್ಕೆನಿಯ ಕಾರ್ಟೂನ್ ಸಲೂನ್‌ನ ‘ಸಾಂಗ್ ಆಫ್ ದಿ ಸೀ’, ಟಿಕೆಟ್ 5 ಡಾಲರ್. ಐರಿಷ್ ಡ್ಯಾನ್ಸ್ ಕ್ಲಾಸುಗಳಿಗೆ ಹೋಗಿ ಹೇಳಿ ಬಂದೆ. ಒಂದು ಮಗುವಿನ ಜೊತೆ ಇಬ್ಬರು ದೊಡ್ಡವರು ಗ್ಯಾರಂಟಿ. ಇನ್ನೊಂದು ಕಡೆಯೂ ಟಿಕೆಟ್ ಮಾರುತ್ತೇನೆ, ಅದನ್ನು ಹೇಳಲ್ಲ.

ಕಳೆದ ಸಲ ಎಲ್ಲ ಖರ್ಚು ಕಳೆದು 1,400ರಷ್ಟು ಉಳಿಯಿತು. ಮುಂದಿನ ಶನಿವಾರಗಳಿಗೆ ಅಡ್ವಾನ್ಸ್ ಕೊಟ್ಟಾಗಿದೆ. 35 ಎಂಎಂ ಪ್ರಿಂಟ್ ಒಂದು ತರಿಸೋ ಆಸೆ ಇದೆ, ಸಾಗಣೆ ಮತ್ತು ಇನ್ಶೂರೆನ್ಸ್ ರೇಟ್ ಕೇಳಿ ಸದ್ಯಕ್ಕೆ ಸುಮ್ಮನಾಗಿದ್ದೇನೆ.